ದೋಷ: ತಾಯಿ ಇಲ್ಲ

ತಕ್ಕಡಿ ರಿಪೇರಿಯವನಿಗೆ ಆ ಅಂಗಡಿಬೀದಿ ಇಟ್ಟ ಹೆಸರು ಗುಲಗಂಜಿ. ತಂದೆತಾಯಿ ಇಟ್ಟ ಹೆಸರೂ ಒಂದಿತ್ತು. ಅದು ಕರೆಂಟು ಬಿಲ್ಲಿನ ಮೇಲೆ ತಿಂಗಳಿಗೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಿತ್ತು. ಗುಲಗಂಜಿಯಷ್ಟೂ ಹೆಚ್ಚುಕಮ್ಮಿ ಆಗಬಾರದು ಎಂದು ದಿನಕ್ಕೆ ಹತ್ತು ಸಲ ಹೇಳುವವನಿಗೆ ಬೇರೆ ಹೆಸರು ಹುಡುಕುವ ಕಷ್ಟವನ್ನು ಬೀದಿಯವರು ತೆಗೆದುಕೊಳ್ಳಲಿಲ್ಲ.

ಅವನ ಅಂಗಡಿ ಎಂದರೆ ಒಬ್ಬರು ಒಳಗೆ ಬರಬೇಕಾದರೆ ಇನ್ನೊಬ್ಬರು ಹೊರಗೆ ಹೋಗಬೇಕಾದಷ್ಟು ಅಗಲ; ಹಿಂದೆಯೇ ಮನೆ, ಹಿತ್ತಲು. ಸೂರಿನಿಂದ ಸರಪಣಿ, ತಟ್ಟೆ, ಕೊಕ್ಕೆಗಳು ಜೋಲಾಡುತ್ತಿದ್ದವು. ಎತ್ತರದ ಗಿರಾಕಿಗಳು ಹಣೆ ಉಜ್ಜಿಕೊಳ್ಳುತ್ತಲೇ ವ್ಯವಹಾರ ಮುಗಿಸುತ್ತಿದ್ದರು. ಇದೆಲ್ಲದರ ನಡುವೆ, ಗಾಜಿನ ಪೆಟ್ಟಿಗೆಯೊಳಗೆ, ಅವನ ಅಪ್ಪನ ಕಾಲದ ಹಿತ್ತಾಳೆ ತಕ್ಕಡಿ. ಬೀದಿಯ ತಕ್ಕಡಿಗಳೆಲ್ಲ ವರ್ಷಕ್ಕೊಮ್ಮೆ ಇದರ ಮುಂದೆ ಬಂದು ತಪ್ಪೊಪ್ಪಿಕೊಂಡು ತಿದ್ದಿಸಿಕೊಂಡು ಹೋಗಬೇಕು. ಗಾಜಿನ ಬಾಗಿಲು ತೆರೆದಾಗ ಯಾರೂ ಮಾತಾಡುವ ಹಾಗಿಲ್ಲ. ಉಸಿರು ತಗುಲಿದರೂ ಮುಳ್ಳು ಅಲ್ಲಾಡುತ್ತದೆ. ಹೆಂಡತಿಯ ಮಾತು ತಪ್ಪಿಸಿಕೊಳ್ಳಬೇಕಾದಾಗಲೆಲ್ಲ ಅವನು ಆ ಬಾಗಿಲು ತೆರೆಯುತ್ತಾನೆ ಎಂಬುದು ಎದುರಿನ ಗೂಡಂಗಡಿಯಲ್ಲಿ ಬೀಗ ರಿಪೇರಿ ಮಾಡುವವನ ಅಭಿಪ್ರಾಯ. ಬೀಗದವನು ಬಾಯಿಗೆ ಮಾತ್ರ ಬೀಗ ಹಾಕದ ಮನುಷ್ಯ.

ರಿಪೇರಿಗೆ ಬಂದ ಪ್ರತಿಯೊಂದು ತಕ್ಕಡಿಗೂ ಗುಲಗಂಜಿ ಒಂದು ರಟ್ಟಿನ ಚೀಟಿ ಕಟ್ಟುತ್ತಿದ್ದ. ಬಂದ ದಿನ, ಬಂದಾಗಿನ ತೂಕ, ದೋಷ, ಹೋದ ದಿನ. ತಕ್ಕಡಿಯನ್ನೇ ತೂಗುವುದು ಯಾಕೆಂದರೆ, ಹಿತ್ತಾಳೆ ಕೆರೆದುಕೊಂಡ ಎಂದು ನಾಳೆ ಯಾರೂ ಬೆರಳು ತೋರಿಸಬಾರದು. ಹೀಗೆ ನಾಲ್ಕು ಕಾಲಂ ಇದ್ದರೆ ಪ್ರಪಂಚದ ಯಾವ ವಿಷಯವನ್ನಾದರೂ ಸರಿಮಾಡಬಹುದು ಎಂದು ಅವನು ನಂಬಿದ್ದ.

ಇಷ್ಟಕ್ಕೇ ನಿಂತಿದ್ದರೆ ಅವನೂ ಸುಖವಾಗಿರುತ್ತಿದ್ದ, ಸುತ್ತಮುತ್ತಲಿನ ಪ್ರಾಣಿಪಕ್ಷಿಗಳೂ ಸುಖವಾಗಿರುತ್ತಿದ್ದವು. ಆದರೆ ಎಂಟು ವರ್ಷದ ಹಿಂದೆ ಅವನಿಗೆ ಕರುಣೆ ಹತ್ತಿಕೊಂಡಿತು.

ಮೊದಲು ಬಂದದ್ದು ಗೂಬೆಮರಿ. ಅಂಚೆಕಚೇರಿಯ ಗೋಡೆಯ ಬುಡದಲ್ಲಿ ಕೂತಿತ್ತು. ಮನೆಗೆ ತಂದು, ತೂಗಿ, ಚೀಟಿ ಬರೆದ. ದೋಷ ಎಂಬಲ್ಲಿ “ತಾಯಿ ಇಲ್ಲ” ಎಂದು ತುಂಬಿದ. ಹಾಲಲ್ಲಿ ನೆನೆಸಿದ ಬ್ರೆಡ್ಡು ಕೊಟ್ಟ. ತಾನು ಬ್ರೆಡ್ಡು ತಿನ್ನುವ ಜಾತಿಯದಲ್ಲ ಎಂದು ಆ ಮರಿ ಮೂರು ದಿನ ಕೈಲಾದಷ್ಟು ತಿಳಿಸಿ ಹೇಳಿತು, ನಾಲ್ಕನೆಯ ದಿನ ಹೇಳುವುದನ್ನು ಬಿಟ್ಟಿತು. ಆಮೇಲೆ ಒಂದು ಬಾವಲಿ. ತಲೆಕೆಳಗಾಗಿ ನೇತಾಡುವುದು ನಿಶ್ಶಕ್ತಿಯ ಲಕ್ಷಣವೆಂದು ತಿಳಿದು ಅದನ್ನು ನೆಟ್ಟಗೆ ಮಲಗಿಸಿ ಹೊದಿಸಿದ. ಒಂದು ಮುಂಗುಸಿಮರಿಯನ್ನು ಗಂಟೆಗೊಮ್ಮೆ ತೂಗಿದ. ಅದು ನಿದ್ದೆಗೆಟ್ಟೇ ಹೋಯಿತು. ಎರಡು ಮೈನಾ, ಒಂದು ಗಿಳಿ, ಮತ್ತೆ ರೆಕ್ಕೆಯೂ ಇಲ್ಲದ ರೋಮವೂ ಇಲ್ಲದ ಒಂದು ಮರಿ. ಅದು ಏನೆಂದು ಕೊನೆಗೂ ಗೊತ್ತಾಗಲಿಲ್ಲ, ಆದರೆ ಅದರ ತೂಕ ಹನ್ನೊಂದು ಗ್ರಾಂ ನಾನೂರು ಮಿಲಿ ಎಂಬುದರಲ್ಲಿ ಯಾವ ಸಂಶಯವೂ ಉಳಿಯಲಿಲ್ಲ.

ಒಟ್ಟು ಏಳು. ಏಳು ಚೀಟಿಗಳೂ ಒಂದೇ ಮೊಳೆಗೆ ನೇತಾಡುತ್ತಿದ್ದವು, ಏಳರಲ್ಲೂ “ಹೋದ ದಿನ” ತುಂಬಿತ್ತು. ಹಿತ್ತಲಲ್ಲಿ ಹೆಂಡತಿಯ ಗುಲಾಬಿ ಕುಂಡಗಳೂ ಏಳು. ಅವು ಬೀದಿಗೇ ಹೊಟ್ಟೆಕಿಚ್ಚಾಗುವಷ್ಟು ಹೂ ಬಿಡುತ್ತಿದ್ದವು. ಗೊಬ್ಬರ ಯಾವುದು ಎಂದು ಕೇಳಿದವರಿಗೆ ಅವಳು ಉತ್ತರ ಹೇಳುತ್ತಿರಲಿಲ್ಲ. ಮರಿ ಬಿದ್ದರೆ ಮೆಲ್ಲಗೆ ಮಾತಾಡಿ, ಗುಲಗಂಜಿಗೆ ಕೇಳಿಸೀತು ಎಂದು ಬೀಗದವನು ಜನಕ್ಕೆ ಬುದ್ಧಿ ಹೇಳುತ್ತಿದ್ದ.

ನಗುವವರು ನಕ್ಕರು. ಆದರೆ ಒಂದೊಂದು ಸಲವೂ ಆ ಮನುಷ್ಯ ಹಿತ್ತಾಳೆ ತಟ್ಟೆಯನ್ನು ತೊಳೆದು, ಒರೆಸಿ, ಆ ದಿನವಿಡೀ ಸಣ್ಣ ತೂಕದ ಕೆಲಸ ಮುಟ್ಟುತ್ತಿರಲಿಲ್ಲ. ಅವನಿಗೆ ಬೇಕಾದದ್ದು ದೊಡ್ಡದೇನಲ್ಲ. ಒಂದೇ ಒಂದು ಜೀವ ತನ್ನ ಕೈಯಲ್ಲಿ ಬದುಕಬೇಕು. ಒಂದೇ ಒಂದು ಚೀಟಿಯಲ್ಲಿ “ಹೋದ ದಿನ” ಎಂದರೆ ನಿಜವಾಗಿ ಹೋದ ದಿನವಾಗಬೇಕು.

ಏಳನೆಯದನ್ನು ಮಣ್ಣು ಮಾಡಿ ಬಂದು ಕೈ ತೊಳೆಯುತ್ತ ಹೆಂಡತಿ ಹೇಳಿದ್ದಳು: “ನೋಡ್ರಿ, ನನ್ನ ಹತ್ರ ಇನ್ನು ಕುಂಡ ಇಲ್ಲ. ಇನ್ನೊಂದು ಸತ್ತರೆ, ಆಮೇಲೆ ಈ ಮನೆಯೊಳಗೆ ನಿಮ್ಮ ಕೈಯಲ್ಲಿ ಒಂದು ನೊಣ ಕೂಡ ಬರೋ ಹಾಗಿಲ್ಲ.”

ಅವನು ಗಾಜಿನ ಬಾಗಿಲು ತೆರೆದಿದ್ದ.

ಹೀಗಿರುವಾಗ ಗೋದಾಮಿನವನು ಮೂರನೆಯ ಸಲ ಜೋರು ಮಾಡಿ ಹೋದ. ಹಲಗೆಯ ಮೇಲೆ ಮೂಟೆ ಇಟ್ಟು ತೂಗುವ ಅವನ ದೊಡ್ಡ ಕಬ್ಬಿಣದ ತಕ್ಕಡಿ ಎರಡು ವರ್ಷದಿಂದ ಗುಲಗಂಜಿಯ ಅಂಗಡಿಯ ಪಕ್ಕದ ಸಂದಿಯಲ್ಲಿ ಕೂತಿತ್ತು. ಮಿಲಿಗ್ರಾಮಿನ ಮೇಲೆ ಪ್ರಾಣ ಇಟ್ಟವನಿಗೆ ಮೂಟೆ ತೂಕವೆಂದರೆ ತಾತ್ಸಾರ. ನಾಳೆ, ನಾಡಿದ್ದು ಎನ್ನುತ್ತಲೇ ಬಂದಿದ್ದ. ಕೊನೆಗೆ ಮನಸ್ಸು ಮಾಡಿ, ಸ್ಪಾನರ್ ಹಿಡಿದು, ಮೇಲಿನ ಹಲಗೆ ಎತ್ತಿದ. ಒಳಗಿನ ಪೊಳ್ಳಿನಲ್ಲಿ ನಾರು, ಹತ್ತಿ, ಅವನದೇ ಚೀಟಿಗಳ ದಾರ, ಅವನದೇ ಒರೆಸುವ ಬಟ್ಟೆಯ ಚಿಂದಿ. ಅದರಿಂದ ಒಂದು ದೊಡ್ಡ ಅಳಿಲು ಚಂಗನೆ ಹಾರಿತು. ಗಾಬರಿಯಲ್ಲಿ ಅವನು ಹೆಗಲ ಮೇಲಿನ ಟವೆಲ್ ಬೀಸಿದ. ಅಳಿಲು ಗೋಡೆ ಹತ್ತಿ ಕರೆಂಟು ಮೀಟರಿನ ಡಬ್ಬದ ಮೇಲೆ ಕೂತು, ಬಾಲ ಎತ್ತಿ, ಬಾಯಿಗೆ ಬಂದ ಹಾಗೆ ಬೈಯತೊಡಗಿತು.

ಚಿಂದಿಯ ನಡುವೆ ಮೂರು ಮರಿಗಳು, ಆಗ ತಾನೇ ಕಣ್ಣು ಬಿಡುತ್ತಿದ್ದವು. ಬೆನ್ನಿನ ಮೇಲೆ ಪೆನ್ಸಿಲ್ಲಿನಿಂದ ಎಳೆದಂಥ ಮೂರು ಮೂರು ಗೆರೆ.

ಗುಲಗಂಜಿಯ ಕಣ್ಣು ಒದ್ದೆಯಾಯಿತು. “ಪಾಪ,” ಎಂದ, “ಅನಾಥ ಮರಿಗಳು.”

ಬೀಗದವನು ಅರವನ್ನು ಕೆಳಗಿಟ್ಟು ಬೀದಿ ದಾಟಿ ಬಂದ. ಮರಿ ನೋಡಿದ, ಮೀಟರ್ ಡಬ್ಬ ನೋಡಿದ. “ಅಣ್ಣಾ, ಅಲ್ಲಿ ಕೂತು ನಿಮ್ಮ ವಂಶವನ್ನೆಲ್ಲ ಬೈತಾ ಇದೆಯಲ್ಲ, ಅದು ಯಾರು?”

“ಅದು ತಾಯಿ ಇರಬಹುದು. ಆದರೆ ಇನ್ನು ಪ್ರಯೋಜನ ಇಲ್ಲ. ಮನುಷ್ಯರ ಕೈ ಸೋಕಿದ ಮರೀನ ತಾಯಿ ಮುಟ್ಟಲ್ಲ.”

“ನೀವು ಇನ್ನೂ ಸೋಕಿಸೇ ಇಲ್ವಲ್ಲ.”

ಗುಲಗಂಜಿ ಮರಿಗಳನ್ನು ಕೈಗೆತ್ತಿಕೊಂಡ. “ಈಗ ಸೋಕ್ತು. ಇದು ಎಲ್ಲರಿಗೂ ಗೊತ್ತಿರೋ ವಿಷಯ.”

“ಅಳಿಲಿಗೆ ಗೊತ್ತಾ?” ಎಂದ ಬೀಗದವನು. ಆ ಹೊತ್ತಿಗೆ ಗಾಜಿನ ಬಾಗಿಲು ತೆರೆದಾಗಿತ್ತು.

ಮೂರೂ ಸೇರಿ ಅರವತ್ತನಾಲ್ಕು ಗ್ರಾಂ ಒಂಬೈನೂರು ಮಿಲಿ. ಮೂರು ಹೊಸ ಚೀಟಿ. ದೋಷ: ತಾಯಿ ಇಲ್ಲ. ಹಿಂದೆ ಗಿಳಿ ಇದ್ದು ತೀರಿಕೊಂಡಿದ್ದ ಪಂಜರ ಅಟ್ಟದಿಂದ ಇಳಿಯಿತು. ಅದರ ಕಂಬಿಗಳ ನಡುವೆ ಹೆಬ್ಬೆಟ್ಟು ತೂರುವಷ್ಟು ಸಂದು. ಅಂಗಡಿಯ ಹಿಂದಿನ ಕೋಣೆಯ ಕಿಟಕಿಯ ಬಳಿ, ಹಿತ್ತಲಿನ ಗಾಳಿ ಬರುವ ಕಡೆ, ಪಂಜರ ನೇತುಹಾಕಿದ. ಈ ಸಲ ಬ್ರೆಡ್ಡಿನ ತಪ್ಪು ಮಾಡುವುದಿಲ್ಲ ಎಂದು ಸ್ವಂತ ಬುದ್ಧಿಯಿಂದ ಒಂದು ಹಾಲು ತಯಾರಿಸಿದ: ಒಂದು ಪಾಲು ಹಾಲು, ಎರಡು ಪಾಲು ನೀರು, ಸಕ್ಕರೆ ತೂಗಿ ಅರ್ಧ ಗ್ರಾಂ, ಮೂರು ಸಲ ಕುದಿಸಿ ಮೂರು ಸಲ ಆರಿಸಬೇಕು. ಮೂರು ಸಲ ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ, ಎರಡು ಸಲ ಸಾಲದು ಎಂದ. ಇಂಕ್ ಫಿಲ್ಲರಿನಿಂದ ಬಾಯಿಗೆ ಬಿಟ್ಟ. ಅರ್ಧ ಹಾಲು ಕತ್ತಿಗೆ ಇಳಿಯಿತು, ಉಳಿದರ್ಧವನ್ನು ಮರಿಗಳು ಸೀನಿದವು.

ಮಾರನೆಯ ಬೆಳಿಗ್ಗೆ ತೂಕ ಅರವತ್ತೆರಡಕ್ಕೆ ಇಳಿಯಿತು. ಹೆಂಡತಿ ಹಿತ್ತಲಿಗೆ ಹೋಗಿ ಒಡೆದ ಬಕೆಟ್ಟಿಗೆ ಮಣ್ಣು ತುಂಬಿ ಬಂದಳು. ಕುಂಡ ಇರಲಿಲ್ಲವಲ್ಲ.

ಅಂಗಡಿಗೆ ಮಧ್ಯಾಹ್ನ ಒಂದರಿಂದ ಮೂರು ಗಂಟೆ ಬಿಡುವು. ಊಟ ಮುಗಿಸಿ ಅವನು ಮಲಗಿದ. ಆ ಹೊತ್ತಿಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಕಂಡದ್ದು ಇಷ್ಟು: ದೊಡ್ಡ ಅಳಿಲು ನೀರಿನ ಪೈಪು ಹಿಡಿದು ಬಂತು, ಕಿಟಕಿಯಲ್ಲಿ ನಿಂತು ಆಚೀಚೆ ನೋಡಿತು, ಮೈಯನ್ನು ಹಗ್ಗದ ಹಾಗೆ ಸಣ್ಣ ಮಾಡಿಕೊಂಡು ಕಂಬಿಯ ಸಂದಿನಿಂದ ಒಳಗೆ ತೂರಿತು, ಮಲಗಿತು. ಮೂರೂ ಮರಿಗಳು ಹೊಟ್ಟೆಗೆ ಕಚ್ಚಿಕೊಂಡವು. ಹೋಗುವಾಗ ಒಂದನ್ನು ಬಾಯಲ್ಲಿ ಹಿಡಿದು ಹೊರಡಲು ನೋಡಿತು. ಮರಿ ಬಾಯಲ್ಲಿದ್ದರೆ ಸಂದು ಸಾಲದು. ಈ ಕಡೆಯಿಂದ, ಆ ಕಡೆಯಿಂದ, ತಲೆ ಓರೆ ಮಾಡಿ ನೋಡಿತು. ಕೊನೆಗೆ ಕೆಳಗಿಟ್ಟು, ನೆಕ್ಕಿ, ಒಂಟಿಯಾಗಿ ಹೋಯಿತು.

ನಾಲ್ಕು ಗಂಟೆಯ ತೂಕ ಅರವತ್ತಾರು.

ಗುಲಗಂಜಿ ಮೂರು ಸಲ ತೂಗಿದ. ಆಮೇಲೆ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಒರೆಸಿಕೊಂಡ. “ಹಾಲು ಹಿಡೀತು ಕಣೇ,” ಎಂದ. ಎಂಟು ವರ್ಷದಲ್ಲಿ ಆ ಮುಖದಲ್ಲಿ ಅಂಥ ಬೆಳಕನ್ನು ಅವಳು ಕಂಡಿರಲಿಲ್ಲ. ನಿಜ ಹೇಳಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡಳು. ಹೇಳಿದರೆ ಈ ಮನುಷ್ಯ ಕಿಟಕಿ ಮುಚ್ಚಿದರೂ ಮುಚ್ಚಿಯಾನು. ಪಂಜರ ತೆರೆದುಬಿಟ್ಟರೆ ಬೀದಿಯ ಬೆಕ್ಕುಗಳಿವೆ. ಅಲ್ಲದೆ, ದುಡಿಯುವುದು ಒಬ್ಬರು, ಹೆಸರು ಇನ್ನೊಬ್ಬರಿಗೆ ಎನ್ನುವ ಏರ್ಪಾಡು ಆ ಮನೆಗೆ ಹೊಸದೇನಾಗಿರಲಿಲ್ಲ.

ದಿನದಿನಕ್ಕೂ ತೂಕ ಏರಿತು. ಎಪ್ಪತ್ತು, ಎಪ್ಪತ್ತಾರು, ಎಂಬತ್ತೊಂದು. ಅದರ ಜೊತೆ ಗುಲಗಂಜಿಯ ಮಾತೂ ಏರಿತು. ತಕ್ಕಡಿ ತಂದವರು ಹಾಲಿನ ವಿಧಾನ ಕೇಳದೆ ಹೋಗುವ ಹಾಗಿರಲಿಲ್ಲ. ಕುದಿಸುವುದು ಮೂರೇ ಸಲ ಯಾಕೆ ಎಂಬುದಕ್ಕೆ ಈಗ ಕಾರಣಗಳೂ ಹುಟ್ಟಿಕೊಂಡಿದ್ದವು. ಹಾಲಿನಂಗಡಿಯವನು ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ: ಅನಾಥ ಮರಿಗಳಿಗೆ ಗುಲಗಂಜಿ ಹಾಲು. ಹಾಲು ಹೇಗಿದ್ದರೂ ಅವನದೇ ಅಂಗಡಿಯಿಂದ ಹೋಗಬೇಕಲ್ಲ.

ಸುದ್ದಿ ಆಭರಣದಂಗಡಿಯ ಯಜಮಾನರ ಕಿವಿಗೂ ಬಿತ್ತು. ಅವರು ವರ್ತಕರ ಸಂಘದ ಅಧ್ಯಕ್ಷರು. ಸಂಘದ ವಾರ್ಷಿಕ ಸಭೆ ಹತ್ತಿರವಾಗಿತ್ತು, ಯಾರನ್ನಾದರೂ ಸನ್ಮಾನಿಸಬೇಕಾಗಿತ್ತು, ಈಗಾಗಲೇ ಎಲ್ಲರೂ ಒಬ್ಬರನ್ನೊಬ್ಬರು ಎರಡೆರಡು ಸಲ ಸನ್ಮಾನಿಸಿ ಆಗಿತ್ತು. ಅವರು ಬಂದರು, ಮರಿ ನೋಡಿದರು, ಅಲ್ಲೇ ನಿಂತು ಭಾಷಣ ಹೊಸೆದರು: “ನಾವೆಲ್ಲ ಸಮಾಜಕ್ಕೆ ಅಳಿಲು ಸೇವೆ ಮಾಡ್ತೀವಿ. ಇವರು ಅಳಿಲಿಗೇ ಸೇವೆ ಮಾಡಿದ್ದಾರೆ. ಹೇಗಿದೆ?”

ಚೆನ್ನಾಗಿದೆ ಎಂದು ಗುಲಗಂಜಿ ಹೇಳಿದ. ಯಜಮಾನರು ಇನ್ನೊಂದು ಸಲ ಹೇಳಿದರು. ಭಾನುವಾರ ಸಭೆ, ವೇದಿಕೆಯ ಮೇಲೆ “ಪ್ರಾಣಿಬಂಧು” ಎಂದು ಕೆತ್ತಿದ ಫಲಕ, ಆಮೇಲೆ ಊರಾಚೆಯ ಉದ್ಯಾನದಲ್ಲಿ ಯಜಮಾನರ ಕೈಯಿಂದಲೇ ಮರಿಗಳ ಬಿಡುಗಡೆ. ಅಷ್ಟರಲ್ಲಿ ಕಿಟಕಿಯ ಚೌಕಟ್ಟಿನಲ್ಲಿ ಬಾಲವೊಂದು ಕಂಡು ಮಾಯವಾಯಿತು. ಚಿನ್ನದ ನಡುವೆ ಕೂತವರಿಗೆ ಕಂಡದ್ದೆಲ್ಲ ಕಳ್ಳರೇ.

“ಅದೇನು ಅಲ್ಲಿ? ಮರಿಗಳ ಹಾಲು ಕದಿಯೋಕೆ ಬಂದಿದೆ ನೋಡಿ. ಮೊದಲು ಜಾಲರಿ ಹೊಡೆಸಿ. ಫಲಕಕ್ಕೆ ಆಗಲೇ ಹೇಳಿಬಿಟ್ಟಿದ್ದೀನಿ.”

ಗುಲಗಂಜಿ ಸುತ್ತಿಗೆ ಹುಡುಕಿದ. ಕಿಟಕಿ ಮುಚ್ಚಬೇಡಿ ಎಂದಳು ಹೆಂಡತಿ. ಗಾಳಿಗೇನು, ಜಾಲರಿಯಿಂದಲೂ ಬರುತ್ತದೆ ಎಂದ. ಗಾಳಿಗಲ್ಲ ಎಂದು ಅವಳು ಶುರು ಮಾಡುವಷ್ಟರಲ್ಲಿ ಯಜಮಾನರು ತಮ್ಮ ಅಂಗಡಿಯ ಸಣ್ಣ ತೂಕವೊಂದನ್ನು ಪರೀಕ್ಷೆಗೆಂದು ಕೊಟ್ಟರು, ಗಾಜಿನ ಬಾಗಿಲು ತೆರೆಯಿತು.

ಜಾಲರಿ ಹೊಡೆದ ದಿನ ಬೆಳಿಗ್ಗೆ ಮೂರೂ ಸೇರಿ ಎಂಬತ್ತೊಂಬತ್ತೂವರೆ ಗ್ರಾಂ. ಮಾರನೆಯ ದಿನ ಎಂಬತ್ತೇಳು. ಅದರ ಮಾರನೆಯ ದಿನ, ಶನಿವಾರ, ಎಂಬತ್ತನಾಲ್ಕೂವರೆ. ಮರಿಗಳು ಕಿರುಚುವುದನ್ನು ನಿಲ್ಲಿಸಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಹಾಲು ಅದೇ, ಸಕ್ಕರೆ ಅದೇ, ಕುದಿಸಿದ್ದು ಮೂರೇ ಸಲ.

“ಅದು ಕಳ್ಳ ಅಲ್ಲ ರೀ,” ಎಂದಳು ಹೆಂಡತಿ. ಈ ಸಲ ಅವಳು ಗಾಜಿನ ಪೆಟ್ಟಿಗೆಗೂ ಅವನಿಗೂ ನಡುವೆ ನಿಂತಿದ್ದಳು. “ಅದು ತಾಯಿ. ದಿನಾ ಮಧ್ಯಾಹ್ನ ನೀವು ಗೊರಕೆ ಹೊಡೀತಿದ್ದಾಗ ಬಂದು ಹಾಲು ಕೊಟ್ಟು ಹೋಗ್ತಿತ್ತು. ನಿಮ್ಮ ಹಾಲಲ್ಲ, ಅದರ ಹಾಲು.”

“ಮನುಷ್ಯರ ಕೈ ಸೋಕಿದ್ದನ್ನ ತಾಯಿ...”

“ನಾನು ಎರಡು ಕಣ್ಣಿಂದ ನೋಡಿದ್ದೀನಿ.”

ಗುಲಗಂಜಿಗೆ ಹೆಂಡತಿಯ ಎರಡು ಕಣ್ಣಿನ ಮೇಲೆ ಸಂಶಯವಿರಲಿಲ್ಲ. ಹಾಲಿನ ಮೇಲೂ ಇರಲಿಲ್ಲ. ಒಂದು ಬೀದಿಯೇ ಅದನ್ನು ಗೋಡೆಗೆ ಅಂಟಿಸಿಕೊಂಡಿದೆ. ಎಂದಮೇಲೆ ಉಳಿದದ್ದು ಒಂದೇ. ಅವನು ತಕ್ಕಡಿಯ ಕಡೆ ತಿರುಗಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಅನುಮಾನದಿಂದ ನೋಡಿದ. ಬಹುಶಃ ತಕ್ಕಡಿಯೇ ಕೆಟ್ಟಿದೆ, ಮರಿಗಳು ಚೆನ್ನಾಗಿಯೇ ಇವೆ ಎಂದುಕೊಂಡು ಅಂಗಡಿಯ ಬಾಗಿಲಿಗೆ ಅಗಳಿ ಹಾಕಿ, ಇಡೀ ತಕ್ಕಡಿಯನ್ನು ಬಿಚ್ಚಿ ಬಟ್ಟೆಯ ಮೇಲೆ ಹರಡಿದ. ದಂಡ ಕೂರುವ ಕೆಳಗಿನ ಅಲಗು ನೋಡಿದ, ಎರಡು ತಟ್ಟೆ ಅದಲುಬದಲು ಮಾಡಿದ, ಪೆಟ್ಟಿಗೆಯ ತೂಕಗಳನ್ನೆಲ್ಲ ಒಂದಕ್ಕೊಂದು ಹೋಲಿಸಿದ. ದೋಷ ಸಿಗಲೆಂದು ಒಬ್ಬ ರಿಪೇರಿಯವನು ಅಷ್ಟು ಆಸೆಯಿಂದ ಹುಡುಕಿದ್ದು ಅದೇ ಮೊದಲಿರಬೇಕು.

ಗುಲಗಂಜಿಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

ಅಗಳಿ ತೆಗೆದಾಗ ಹೊರಗೆ ಯಜಮಾನರು ನಿಂತಿದ್ದರು, ಭಾಷಣದಲ್ಲಿ ಸೇರಿಸಲು ಮರಿಗಳ ಇವತ್ತಿನ ತೂಕ ಬೇಕಾಗಿತ್ತು. ಬೆನ್ನ ಹಿಂದೆ, ಏನೋ ನಡೆಯುತ್ತಿದೆ ಎಂಬ ವಾಸನೆ ಹಿಡಿದ ಬೀಗದವನು.

ಗುಲಗಂಜಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಎರಡು ದಿನದಲ್ಲಿ ಐದು ಗ್ರಾಂ ಇಳಿದಿದೆ. ಹೆಂಡತಿ ಹೀಗೆ ಹೇಳುತ್ತಾಳೆ. ಹಾಲು ಸರಿ ಇರುವುದಾದರೆ ತಕ್ಕಡಿ ತಪ್ಪು. ತಕ್ಕಡಿ ಸರಿ ಇರುವುದಾದರೆ ಹಾಲು ತಪ್ಪು.

ಯಜಮಾನರು ಉದಾರವಾಗಿ ಕೈ ಬೀಸಿದರು. “ಅಯ್ಯೋ, ತಕ್ಕಡಿ ಅಂದಮೇಲೆ ಒಂದಿಷ್ಟು ಆಚೀಚೆ ಆಗುತ್ತೆ ಬಿಡಿ. ಹಾಲಿಗೆ ಯಾಕೆ ಕೆಟ್ಟ ಹೆಸರು?”

“ಹಾಗಿದ್ರೆ ತಕ್ಕಡೀನೇ ತಪ್ಪು ಅಂತ ಬರೆದುಬಿಡಲಾ, ಯಜಮಾನ್ರೇ?” ಎಂದ ಗುಲಗಂಜಿ. ಅವನ ದನಿಯಲ್ಲಿ ಕುಹಕ ಇರಲಿಲ್ಲ. ಪಾಪ, ಅವನು ನಿಜವಾಗಿಯೂ ಕೇಳುತ್ತಿದ್ದ. “ನೂರಕ್ಕೆ ಐದೂವರೆ ಗ್ರಾಂ ಹೆಚ್ಚುಕಮ್ಮಿ ಬರುತ್ತೆ. ನಿಮ್ಮ ಅಂಗಡಿಯ ತಕ್ಕಡಿಗಳನ್ನ ನಾನು ಇದರಿಂದಲೇ ತಿದ್ದಿರೋದು.”

ಯಜಮಾನರ ಕೈ ಗಾಳಿಯಲ್ಲೇ ನಿಂತಿತು. ಬೀಗದವನು ಸಹಾಯಕ್ಕೆ ಬಂದ: “ಅಂದ್ರೆ ನೂರು ಗ್ರಾಂ ಚಿನ್ನಕ್ಕೆ ಐದೂವರೆ. ಅದು ಯಾರ ಕಡೆ ಹೋಗಿದೆ ಯಜಮಾನ್ರೇ, ನಿಮ್ಮ ಕಡೆಗಾ, ಗಿರಾಕಿ ಕಡೆಗಾ?”

“ಹಾಲು ತಪ್ಪು,” ಎಂದರು ಯಜಮಾನರು. ಅಕ್ಕಪಕ್ಕ ನೋಡಿ ದನಿ ಇಳಿಸಿ ಮತ್ತೆ ಹೇಳಿದರು, “ಹಾಲೇ ತಪ್ಪು. ನಾನು ಮೊದಲೇ ಅಂದುಕೊಂಡಿದ್ದೆ. ಮೂರು ಸಲ ಯಾರು ಕುದಿಸ್ತಾರೆ?”

ಗುಲಗಂಜಿ ಪಂಜರದ ಕಡೆ ನೋಡಿದ. ಒಂದು ಮರಿ ತಲೆ ಎತ್ತಲು ಹೋಗಿ ಬಿಟ್ಟಿತು. ಈ ನೋಟ ಅವನಿಗೆ ಗೊತ್ತಿತ್ತು; ಏಳು ಸಲ ಕಂಡಿದ್ದ. ಅವನು ಇಕ್ಕಳ ತಂದು ಜಾಲರಿಯ ಮೊಳೆಗಳನ್ನು ಕೀಳತೊಡಗಿದ. ಎರಡು ಮೊಳೆ ಸೊಟ್ಟಗಾದವು, ಹೆಬ್ಬೆರಳಿನ ಉಗುರು ಕಿತ್ತುಬಂತು. ಜಾಲರಿ ಕೆಳಗೆ ಬಿದ್ದ ಮೇಲೆ ಮರಿಗಳನ್ನು ಮತ್ತೊಮ್ಮೆ ತೂಗಿದ, ಪಂಜರದಲ್ಲಿಟ್ಟ, ಎಲ್ಲರೂ ಹಿತ್ತಲಿಗೆ ಬನ್ನಿ ಎಂದ.

ಹಿತ್ತಲಲ್ಲಿ ಅಡಗಿಕೊಳ್ಳಲು ಇದ್ದದ್ದು ಒಗೆದು ಹಾಕಿದ ಹೊದಿಕೆಗಳು ಮಾತ್ರ. ಸಂಘದ ಅಧ್ಯಕ್ಷರು ಒದ್ದೆ ಹೊದಿಕೆಯ ಹಿಂದೆ ಬಗ್ಗಿ ಕೂತರು. ನೀರು ಅವರ ಕತ್ತಿನೊಳಗೆ ಇಳಿಯುತ್ತಿತ್ತು. ಕೆಮ್ಮು ಬಂದಾಗ ಹೆಂಡತಿ ಬೆರಳು ತುಟಿಗಿಟ್ಟು ಅವರನ್ನು ಸುಮ್ಮನಾಗಿಸಿದಳು. ಮೂವತ್ತು ವರ್ಷದಿಂದ ತನಗೆ ಆಗುತ್ತಿದ್ದ ಆ ಕೆಲಸವನ್ನು ಇನ್ನೊಬ್ಬರಿಗೆ ಮಾಡುವಾಗ ಅವಳಿಗೆ ಸ್ವಲ್ಪ ಹಿತವಾಯಿತು.

ಹದಿನಾಲ್ಕು ನಿಮಿಷವಾದ ಮೇಲೆ ಪೈಪಿನ ಮೇಲೆ ಬಾಲ ಕಂಡಿತು. ಅಳಿಲು ಕಿಟಕಿಯಲ್ಲಿ ಜಾಲರಿ ಇದ್ದ ಕಡೆ ಮೂಗಿನಿಂದ ತಡಕಿ ನೋಡಿತು, ನಂಬಲಿಲ್ಲ, ಮತ್ತೆ ತಡಕಿತು. ಆಮೇಲೆ ಒಳಗೆ ಹಾರಿತು.

ಅದು ಹೊರಗೆ ಬಂದ ಮೇಲೆ ಗುಲಗಂಜಿ ಹೋಗಿ ತೂಗಿದ. ಬಾಗಿಲಲ್ಲಿ ಮೂವರೂ ಉಸಿರು ಹಿಡಿದು ನಿಂತರು. ಎಂಬತ್ತೇಳು ಗ್ರಾಂ ಒಂಬೈನೂರು. ಅರ್ಧ ಗಂಟೆಯಲ್ಲಿ ಮೂರು ಗ್ರಾಂ ನಾನೂರು ಮಿಲಿ.

ಅವನು ಆ ಅಂಕಿಯನ್ನು ಬರೆದಿಟ್ಟುಕೊಂಡು ಪೆನ್ನಿನ ಮುಚ್ಚಳ ಹಾಕಿದ.

“ನಮ್ಮ ತಕ್ಕಡಿ ಸರಿ ಇದೆ,” ಎಂದ.

ಯಜಮಾನರು ಕರವಸ್ತ್ರದಿಂದ ಕತ್ತು ಒರೆಸಿಕೊಂಡು ದೊಡ್ಡ ಉಸಿರು ಬಿಟ್ಟರು. ಮುಳ್ಳು ಅಲ್ಲಾಡಿತು.

ಪಂಜರವನ್ನು ಸಂದಿಗೆ ತೆಗೆದುಕೊಂಡು ಹೋಗಿ, ಗೋದಾಮಿನ ದೊಡ್ಡ ತಕ್ಕಡಿಯ ಪಕ್ಕದಲ್ಲಿಟ್ಟು, ಬಾಗಿಲು ತೆರೆದು ದೂರ ಸರಿದರು. ಬೆಕ್ಕು ಬರದ ಹಾಗೆ ಬೀಗದವನು ಸಂದಿಯ ಬಾಯಲ್ಲಿ ತನ್ನ ಸ್ಟೂಲು ಹಾಕಿಕೊಂಡು ಕೂತ, ಗಿರಾಕಿಗಳಿಗೆಲ್ಲ ಸಾಯಂಕಾಲ ಬನ್ನಿ ಎಂದ. ಅಳಿಲು ಮೂರು ಸಲ ಬಂತು, ಮೂರು ಸಲ ಆ ತಕ್ಕಡಿಯ ಹಲಗೆಯಡಿಗೆ ಹೋಯಿತು. ಪ್ರತಿ ಸಲವೂ ಬಾಯಲ್ಲಿ ಒಂದು ಮರಿ, ಮೂತಿಯ ಸುತ್ತ ಸುತ್ತಿಕೊಂಡು. ಮನುಷ್ಯರ ಕೈ ಸೋಕಿದ್ದು, ತೂಗಿದ್ದು, ಫಿಲ್ಲರಿನ ಹಾಲು ಮೆತ್ತಿದ್ದು ಯಾವುದನ್ನೂ ಅದು ಲೆಕ್ಕಕ್ಕೆ ಹಿಡಿಯಲಿಲ್ಲ.

ಭಾನುವಾರ ಸಭೆ ನಡೆಯಿತು. ಮರಿಗಳಿಲ್ಲ ಎಂದು ಸನ್ಮಾನ ನಿಲ್ಲಿಸುವ ಹಾಗಿರಲಿಲ್ಲ, ಫಲಕ ಕೆತ್ತಿ ಆಗಿತ್ತು. ಯಜಮಾನರು ಅಳಿಲು ಸೇವೆಯ ಮಾತು ಹೇಳಿದರು, ಜನ ನಕ್ಕರು, ಇನ್ನೊಂದು ಸಲ ಹೇಳಿದರು. ಗುಲಗಂಜಿಯನ್ನು ಮಾತಾಡಲು ಕರೆದಾಗ ಅವನು ಮೈಕಿನಿಂದ ಒಂದು ಮಾರು ದೂರವೇ ನಿಂತು, “ಆ ಹಾಲು ಯಾರೂ ಯಾವ ಮರಿಗೂ ಕೊಡಬೇಡಿ. ಮರಿ ಕಂಡರೆ ಮುಟ್ಟಬೇಡಿ, ದೂರ ನಿಂತು ನೋಡಿ, ತಾಯಿ ಅಲ್ಲೇ ಎಲ್ಲೋ ಇರುತ್ತೆ,” ಎಂದು ಹೇಳಿ ಇಳಿದ. ಎಂಥ ವಿನಯ ಎಂದು ಸಭೆ ಚಪ್ಪಾಳೆ ತಟ್ಟಿತು. ಮರಿ ಕಂಡರೆ ಕೊಡುವುದಕ್ಕೆಂದು ಹಾಲಿನಂಗಡಿಯಲ್ಲಿ ಆ ವಾರ ಇಬ್ಬರು ಹೊಸದಾಗಿ ಹಾಲು ಹಾಕಿಸಿಕೊಂಡರು. ಮಾರನೆಯ ಬೆಳಿಗ್ಗೆ ಗುಲಗಂಜಿ ಹೋಗಿ ಗೋಡೆಯ ಮೇಲಿನ ಕಾಗದವನ್ನು ಕೈಯಾರೆ ಹರಿದ. ಹಾಲಿನಂಗಡಿಯವನು ಇನ್ನೊಂದು ಅಂಟಿಸಿದ. ಗುಲಗಂಜಿ ಅದನ್ನೂ ಹರಿದ. ಮೂರನೆಯದಕ್ಕೆ ಹಾಲಿನಂಗಡಿಯವನಿಗೆ ಅಂಟು ಮುಗಿಯಿತು.

ಆ ವಾರ ಒಂದು ಮಧ್ಯಾಹ್ನ ಅವನು ಮಲಗಲಿಲ್ಲ. ಮೊಳೆಯಿಂದ ಏಳು ಹಳೆಯ ಚೀಟಿಗಳನ್ನು ತೆಗೆದು ಮಡಿಲಲ್ಲಿ ಹರಡಿಕೊಂಡು ಕೂತಿದ್ದ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು.

“ಗೂಬೆ ತಂದ ದಿನ,” ಎಂದ, “ಅಂಚೆಕಚೇರಿ ಮುಂದಿನ ಕಂಬದ ಮೇಲೆ ಇನ್ನೊಂದು ಗೂಬೆ ಕೂತಿತ್ತು. ಎರಡು ದಿನ ಅಲ್ಲೇ ಇತ್ತು. ನೀನು ಹೇಳಿದ್ದೆ.”

“ಹೇಳಿದ್ದೆ.”

“ನಾನೇನಂದೆ?”

“ಗಾಜಿನ ಬಾಗಿಲು ತೆಗೆದ್ರಿ.”

ಅವನು ಚೀಟಿಗಳನ್ನು ಮತ್ತೆ ಅದೇ ಮೊಳೆಗೆ ನೇತುಹಾಕಿದ. ಅಳಿಸಲಿಲ್ಲ, ತಿದ್ದಲಿಲ್ಲ, ಬರೆದಿಟ್ಟ ಚೀಟಿಯನ್ನು ಆಮೇಲೆ ತಿದ್ದುವುದು ಅವನ ಕಸುಬಿನಲ್ಲಿ ಕಳ್ಳತನ. ಹೊಸ ಮೂರು ಚೀಟಿಗಳಲ್ಲಿ “ಹೋದ ದಿನ” ತುಂಬಿದ. ಎಂಟು ವರ್ಷ ಅದಕ್ಕಾಗಿ ಕಾದಿದ್ದವನು ತುಂಬುವಾಗ ಮಾತ್ರ ಕೈ ತಡೆದು ತಡೆದು ಬರೆದ. ಹೆಂಡತಿ ಹಿತ್ತಲಿಗೆ ಹೋಗಿ, ಮಣ್ಣು ತುಂಬಿದ ಬಕೆಟ್ಟಿನಲ್ಲಿ ಮೆಣಸಿನ ಬೀಜ ಹಾಕಿದಳು.

ಗೋದಾಮಿನವನು ಕೈಗಾಡಿ ತಂದೇಬಿಟ್ಟ. ತಕ್ಕಡಿ ಸರಿಯಾಗಿದ್ದರೂ ಸರಿ, ಆಗದಿದ್ದರೂ ಸರಿ, ಇವತ್ತು ಒಯ್ಯುತ್ತೇನೆ ಎಂದ. ಒಂದು ಮಿಲಿಗ್ರಾಮಿನ ವಿಷಯದಲ್ಲೂ ಸುಳ್ಳಾಡದ ಗುಲಗಂಜಿ ಅವನ ಕಣ್ಣಲ್ಲಿ ಕಣ್ಣಿಟ್ಟು, ಒಳಗಿನ ಬಿಡಿಭಾಗ ಇನ್ನೂ ಬಂದಿಲ್ಲ, ಬರಲು ಒಂದು ತಿಂಗಳಾದರೂ ಬೇಕು ಎಂದ. ಎರಡು ವರ್ಷದಿಂದ ಬಾರದ ಬಿಡಿಭಾಗ ಯಾವುದು ಎಂದು ಗೋದಾಮಿನವನು ಹಲಗೆ ಎತ್ತಲು ಹೋದಾಗ ಹಲಗೆಯ ಮೇಲೆ ಭಾರವಾದದ್ದೇನೋ ಇತ್ತು. ಹಲಗೆಯ ಸಂದಿನಿಂದ ಒಳಗೆ ಮಳೆನೀರು ಇಳಿಯದಿರಲೆಂದು ಗುಲಗಂಜಿ ಅಲ್ಲಿ ಒಂದು ತಗಡು ಮುಚ್ಚಿ, ಮೇಲೆ ಎರಡು ಇಟ್ಟಿಗೆ ಹೇರಿದ್ದ. ತಗಡಿನ ಮೇಲೆ “ಪ್ರಾಣಿಬಂಧು” ಎಂದು ಕೆತ್ತಿತ್ತು.

ಗೋದಾಮಿನವನು ಅದನ್ನು ಓದಿದ, ಏನೂ ಅರ್ಥವಾಗದೆ ಖಾಲಿ ಗಾಡಿ ತಳ್ಳಿಕೊಂಡು ಹೋದ. ಮೀಟರ್ ಡಬ್ಬದ ಮೇಲಿದ್ದ ಅಳಿಲು ಅವನನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬೀಗದವನು ಹಾದುಹೋದಾಗಲೂ ಅದು ತನ್ನ ಪಾಡಿಗೆ ಮೀಸೆ ಒರೆಸಿಕೊಳ್ಳುತ್ತಿತ್ತು. ಗುಲಗಂಜಿ ಇಟ್ಟಿಗೆ ಸರಿಮಾಡಲು ಒಂದು ಹೆಜ್ಜೆ ಮುಂದಿಟ್ಟದ್ದೇ ತಡ, ಬಾಲ ಎತ್ತಿ ಬೈಯಲು ಶುರು ಮಾಡಿತು. ಆ ಬೀದಿಯಲ್ಲಿ ಅಷ್ಟು ಜನ ಓಡಾಡುತ್ತಾರೆ. ತನ್ನ ಮರಿಗಳನ್ನು ಕಾಪಾಡಿದವನು ಯಾರೆಂದು ಅದು ಚೆನ್ನಾಗಿ ಗುರುತಿಟ್ಟುಕೊಂಡಿತ್ತು.